ಇಬ್ಬರ ಜೋಲಿಯಲ್ಲಿ ಒಬ್ಬಳೇ

ನನಗೂ ಮಲಗುವ ವಸ್ತುಗಳಿಗೂ ಯಾವ ಕಾಲದ ಜಗಳವೋ ಗೊತ್ತಿಲ್ಲ. ಎಲ್ಲಿಗೆ ಹೋದರೂ ನನ್ನನ್ನು ಕಂಡ ಕೂಡಲೇ ಅವು ಚಿಕ್ಕವಾಗಿಬಿಡುತ್ತವೆ. ಪ್ರವಾಸದ ತಂಡಗಳನ್ನು ಕರೆದುಕೊಂಡು ದೇಶ ದೇಶ ತಿರುಗುವುದೇ ನನ್ನ ಕೆಲಸವಾಗಿತ್ತು. ರೈಲಿನ ಬರ್ತಿನಿಂದ ಹೊರಗೆ ಚಾಚಿದ ನನ್ನ ಪಾದಕ್ಕೆ ಚಹಾ ಮಾರುವವರು ಡಿಕ್ಕಿ ಹೊಡೆದು ನಿಂತಿದ್ದಾರೆ. ಹಡಗಿನ ಹಾಸಿಗೆಯಲ್ಲಿ ಮಡಚಿಕೊಂಡು ಮಲಗಿ, ಬೆಳಿಗ್ಗೆ ಬಿಡಿಸಲು ಜನ ಕರೆಸಿದ್ದೇನೆ. ಮರಳುಗಾಡಿನಲ್ಲಿ ತಲೆ ನನ್ನ ಡೇರೆಯಲ್ಲಿ, ಕಾಲು ಪಕ್ಕದವರ ಡೇರೆಯಲ್ಲಿ ಇಟ್ಟು ಸುಖವಾಗಿ ನಿದ್ದೆ ಹೊಡೆದಿದ್ದೇನೆ. ತಾವು ಸುಖವಾಗಿ ಮಲಗಿರಲಿಲ್ಲ ಎಂದು ಬೆಳಿಗ್ಗೆ ಹೇಳಿದವರು ಪಕ್ಕದವರು.

ನಾನು ಎತ್ತರ ಇದ್ದೇನೆ, ಆ ಎತ್ತರಕ್ಕೆ ತಕ್ಕ ಅಗಲವೂ ಇದ್ದೇನೆ. ಇದನ್ನು ತಗ್ಗಿದ ದನಿಯಲ್ಲಿ ಹೇಳುವ ಅಭ್ಯಾಸ ನನಗಿಲ್ಲ. ಮಂಚಕ್ಕೆ ನಾನು ದೊಡ್ಡವಳಾದೆ ಎಂದು ಒಂದು ಸಲವೂ ಅಂದುಕೊಂಡಿಲ್ಲ. ನನಗೆ ಮಂಚ ಚಿಕ್ಕದಾಯಿತು ಎಂದೇ ಅಂದುಕೊಂಡಿದ್ದೇನೆ. ಈಗ ಹೊಸಪೇಟೆಯಲ್ಲಿ ಅಕ್ಕನ ಮನೆಯಲ್ಲಿದ್ದೇನೆ. ಎರಡು ಪ್ರಯಾಣಗಳ ನಡುವೆ ಚೀಲ ಒಗೆದು ಒಣಗಿಸಲು ಒಂದು ಹಗ್ಗ ಬೇಕಲ್ಲ, ಅಷ್ಟಕ್ಕೆ. ಇಲ್ಲಾದರೂ ಆ ಹಳೆಯ ಜಗಳ ಮುಗಿಯಬಹುದು ಅಂದುಕೊಂಡಿದ್ದೆ. ಮುಗಿಯಲಿಲ್ಲ. ಇಲ್ಲಿ ಅದು ಮಂಚದ ರೂಪ ಬಿಟ್ಟು ಹ್ಯಾಮಕ್ಕಿನ ರೂಪದಲ್ಲಿ ಬಂತು.

ಎಸಿ, ಟಿವಿ ಮತ್ತು ಅವಮಾನ

ಕಾಲುವೆ ದಂಡೆಯ ಮೇಲೆ ಬೆಳಿಗ್ಗೆ ನಡೆಯುವ ನಮ್ಮದೊಂದು ಬಳಗವಿದೆ. ಅದರ ಮುಂದಾಳು ಕಾರ್ಖಾನೆಯೊಂದರಿಂದ ನಿವೃತ್ತರಾದ ಅಧಿಕಾರಿ. ಸೈನ್ಯದ ಗೇಟನ್ನೂ ನೋಡಿದವರಲ್ಲ, ಆದರೂ ಎಲ್ಲರೂ ಅವರನ್ನು ಕ್ಯಾಪ್ಟನ್ ಎನ್ನುತ್ತಾರೆ, ಅವರೂ ಓ ಅನ್ನುತ್ತಾರೆ.

ಮಳೆ ಹಿಡಿದು ಸಂಡೂರಿನ ಗುಡ್ಡಗಳು ಹಸಿರಾದ ಹೊತ್ತಿಗೆ ಕ್ಯಾಪ್ಟನ್ ಒಂದು ಯೋಜನೆ ಹೊರಡಿಸಿದರು. ಗುಡ್ಡದ ಮೇಲೆ ಪರಿಚಯದವರ ಮಾವಿನ ತೋಪಿದೆ, ಅಲ್ಲಿ ಎರಡು ದಿನ ಇರುವುದು. ನೆಲವೆಲ್ಲ ಕಲ್ಲು, ಕಲ್ಲಿಲ್ಲದ ಕಡೆ ಇರುವೆ, ಹಾಗಾಗಿ ಡೇರೆ ಬೇಡ. ಎಲ್ಲರಿಗೂ ಹ್ಯಾಮಕ್. ಅಂದರೆ ಎರಡು ಮರಗಳ ನಡುವೆ ಬಟ್ಟೆ ಕಟ್ಟಿ ಒಳಗೆ ಮಲಗುವುದು. ನಮ್ಮ ಕಡೆ ಕೂಸಿಗೆ ಸೀರೆಯಲ್ಲಿ ಕಟ್ಟುವ ಜೋಲಿಯ ದೊಡ್ಡಣ್ಣ. ಕ್ಯಾಪ್ಟನ್ ಎಲ್ಲರಿಗೂ ಸೇರಿಸಿ ಒಂದೇ ಅಳತೆಯದನ್ನು ತರಿಸಿಬಿಟ್ಟಿದ್ದರು. ಆಮೇಲೆ ನನ್ನ ಹತ್ತಿರ ಬಂದು, ಎಲ್ಲರಿಗೂ ಕೇಳುವಂಥ ಪಿಸುದನಿಯಲ್ಲಿ ಹೇಳಿದರು.

"ಮೇಡಂ, ತಪ್ಪು ತಿಳ್ಕೋಬ್ಯಾಡ್ರಿ. ನಿಮ್ಮ ಪರ್ಸನಾಲಿಟಿಗೆ ಅದು ಆಗಂಗಿಲ್ಲ. ಸಂಡೂರಾಗ ನಮ್ಮ ಭಾವಮೈದುನನ ಗೆಸ್ಟ್ ಹೌಸ್ ಐತಿ. ಎಸಿ ಐತಿ, ಟಿವಿ ಐತಿ. ರಾತ್ರಿ ಅಲ್ಲಿ ಆರಾಮ ಮಲಗ್ರಿ. ಬೆಳಿಗ್ಗೆ ಜೀಪು ಕಳಿಸ್ತೀನಿ, ಮ್ಯಾಲ ಬಂದು ನಮ್ಮ ಜೋಡಿ ನಾಷ್ಟಾ ಮಾಡ್ರಿ."

ಹೇಳುತ್ತಲೇ ಜೇಬಿನಿಂದ ಕೀ ತೆಗೆದು ನನ್ನ ಅಂಗೈಯಲ್ಲಿಟ್ಟರು.

"ನಾ ಗುಡ್ಡ ನೋಡಾಕ ಬರಾಕಿ, ಟಿವಿ ನೋಡಾಕಲ್ಲ. ಎಲ್ಲರೂ ಎಲ್ಲಿ ಮಲಗ್ತಾರೋ ನಾನೂ ಅಲ್ಲೇ ಮಲಗ್ತೀನಿ" ಅಂದೆ.

"ಮರ ತಡೀಬೇಕಲ್ರಿ."

"ಇಷ್ಟು ವರ್ಷ ಗಾಳಿ ಮಳಿ ತಡದಾವ. ನನ್ನೂ ತಡೀತಾವ."

ಬಳಗ ನಕ್ಕಿತು. ಕ್ಯಾಪ್ಟನ್ನೂ ನಕ್ಕರು, ಸ್ವಲ್ಪ ತಡವಾಗಿ. "ಆತು ಬಿಡ್ರಿ. ನಿಮ್ಮ ಅಳತಿದು ತಂದು ಮಲಗಿ ತೋರಸ್ರಿ, ಒಪ್ಕೋತೀನಿ. ಆಗದಿದ್ರ ಗೆಸ್ಟ್ ಹೌಸು. ಕೀ ನಿಮ್ಮ ಹತ್ರನ ಇರ್ಲಿ."

ಮೈಯೆಲ್ಲ ಉರಿಯುತ್ತ ಮನೆಗೆ ಬಂದು ಅಕ್ಕನಿಗೆ ಎಲ್ಲ ಹೇಳಿದೆ. ಅಕ್ಕ ಸೊಪ್ಪು ಸೋಸುವುದನ್ನು ನಿಲ್ಲಿಸಿ ಪೂರ್ತಿ ಕೇಳಿದಳು. ನನ್ನ ಪರವಾಗಿ ನಾಲ್ಕು ಮಾತು ಬೈಯುತ್ತಾಳೆ ಅಂತ ಕಾದೆ.

"ಎಸಿ ಐತೇನು?" ಅಂದಳು. "ಹಂಗಾರ ನಾನೂ ಬರ್ತೀನಿ."

ಮಿರ್ಚಿಯೊಳಗಿನ ಮೇಡಂ

ಹ್ಯಾಮಕ್ ಬೇಕೆಂದರೆ ಹಂಪಿಗೆ ಹೋಗಬೇಕು. ಬಜಾರಿನ ಬದಿಯ ಓಣಿಯಲ್ಲಿ, ಜಾಳುಜಾಳಾದ ಪ್ಯಾಂಟು, ಗೆಜ್ಜೆ, ಡೋಲು ಮಾರುವ ಅಂಗಡಿಯೊಂದರಲ್ಲಿ ಬಣ್ಣಬಣ್ಣದವು ತೂಗುಬಿದ್ದಿದ್ದವು. ಒಳಗೊಬ್ಬ ಪರದೇಶಿ ಯುವಕ ಪುಸ್ತಕ ಹಿಡಿದು ಮಲಗಿದ್ದ. ಊದಿನಕಡ್ಡಿಯಷ್ಟು ಇದ್ದ. ಅವನು ಒಳಗಿದ್ದದ್ದೇ ಹ್ಯಾಮಕ್ಕಿಗೆ ಗೊತ್ತಾಗಿರಲಿಲ್ಲ.

"ಸಿಂಗಲ್ ಐತ್ರಿ, ಎಲ್ಲರಿಗೂ ಬರತೈತಿ" ಅಂದ ಅಂಗಡಿಯವನು. "ಹತ್ತಿ ನೋಡ್ರಿ."

ಹತ್ತಿದೆ. ಕೂತಾಗ ಸರಿ ಇತ್ತು. ಕಾಲು ಮೇಲೆ ತೆಗೆದುಕೊಂಡ ಕೂಡಲೇ ಬಟ್ಟೆಯ ಎರಡೂ ಅಂಚು ಎದ್ದು ಬಂದು ನನ್ನ ಮೂಗಿನ ಮೇಲೆ ಒಂದಕ್ಕೊಂದು ಕೂಡಿಕೊಂಡವು. ಹೆಗಲು ಕಿವಿಗೆ ಬಂತು. ಸೊಂಟ ನೆಲದ ಕಡೆ ಹೋಯಿತು, ಪಾದ ಚಾವಣಿಯ ಕಡೆ ಹೋಯಿತು. ಮಿರ್ಚಿ ಬಜ್ಜಿಯ ಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿಗೆ ಹೇಗನಿಸುತ್ತದೆ ಎಂಬುದು ನನಗೆ ಆವತ್ತು ತಿಳಿಯಿತು.

ಹೊರಗಿನಿಂದ ಅಂಗಡಿಯವನ ದನಿ ಬಂತು. "ಮೇಡಂ, ಒಳಗ ಅದೀರೇನ್ರಿ?"

"ಅದೀನಿ."

"ಹೆಂಗ ಐತ್ರಿ?"

"ಕತ್ತಲ ಐತಿ. ಡಬಲ್ ತೋರಸ್ರಿ."

ಹೊರಳಿ, ಉರುಳಿ, ಮೊಣಕಾಲ ಮೇಲೆ ಇಳಿದು ಸೆರಗು ಸರಿಮಾಡಿಕೊಂಡೆ. ಅಂಗಡಿಯವನು ನನ್ನ ಹಿಂದೆ ನೋಡಿದ, ಬಾಗಿಲ ಕಡೆ ನೋಡಿದ.

"ಡಬಲ್ ಜೋಡಿಗೆ ಇರತೈತ್ರಿ ಮೇಡಂ. ಸರ್ ಬಂದಾರೇನ್ರಿ?"

"ಸರ್ ಇಲ್ಲ."

"ಬರ್ತಾರೇನ್ರಿ?"

"ಬರಂಗಿಲ್ಲ."

"ಮತ್ತ ಇಬ್ಬರು ಯಾರ್ರಿ?"

"ಎಡಗಡೆ ಹೊಳ್ಳಿ ಮಲಗೋ ನಾನು, ಬಲಗಡೆ ಹೊಳ್ಳಿ ಮಲಗೋ ನಾನು. ಒಬ್ಬರಿಗೊಬ್ಬರು ಆಗಂಗಿಲ್ಲ, ಜಾಗ ಜಾಸ್ತಿ ಬೇಕು."

ಡಬಲ್ ಇತ್ತು, ಆದರೆ ಅಗಲ ಮಾತ್ರ ಡಬಲ್, ಉದ್ದ ಅದೇ. ನನ್ನ ಅಗಲಕ್ಕೆ ಗೌರವ ಸಿಕ್ಕಿತ್ತು, ಎತ್ತರಕ್ಕೆ ಸಿಗಲಿಲ್ಲ. ಬೇಡವೆಂದು ಹೊರಬಿದ್ದೆ. ಪರದೇಶಿ ಯುವಕ ಪುಸ್ತಕ ಇಳಿಸಿ, ಅಂಗಡಿಯವನಿಗೆ ನಮ್ಮ ಕನ್ನಡದಲ್ಲೇ ಹೇಳಿದ್ದು ಬೆನ್ನ ಹಿಂದೆ ಕೇಳಿತು: "ಆ ಡಬಲ್ ನನಗ ತೋರಸ್ರಿ. ನನ್ನ ಜೋಡಿನೂ ಯಾರಿಲ್ಲ."

ಕುತ್ತಿಗೆ ಇಲ್ಲದ ಬ್ಲೌಸು

ಸಿಗದಿದ್ದರೆ ಹೊಲಿಸುವುದು. ಕೊಡೆಯ ಬಟ್ಟೆಯಂಥ ಗಟ್ಟಿ ನೈಲಾನ್ ಕೊಂಡು, ಅಕ್ಕನ ಬ್ಲೌಸುಗಳನ್ನೆಲ್ಲ ಹೊಲಿಯುವ ಲೇಡೀಸ್ ಟೇಲರ್ ಹತ್ತಿರ ಹೋದೆ. ನಮ್ಮ ಪೇಟೆಯಲ್ಲಿ ಅವರ ಫಿಟ್ಟಿಂಗ್ ಪ್ರಸಿದ್ಧ. ಅವರು ಹೊಲಿದ ಬ್ಲೌಸು ತೊಟ್ಟವರು ಮದುವೆ ಮನೆಯಲ್ಲಿ ಊಟ ಮಾಡುವುದಿಲ್ಲ, ಫೋಟೋಕ್ಕೆ ನಿಂತು ಬಂದುಬಿಡುತ್ತಾರೆ.

"ಕುತ್ತಿಗಿ ಯಾವ ನಮೂನಿ ಇಡ್ಲಿ ಮೇಡಂ?"

"ಕುತ್ತಿಗಿ ಬ್ಯಾಡ."

"ತೋಳು?"

"ತೋಳೂ ಬ್ಯಾಡ."

ಅವರು ಕತ್ತರಿ ಕೆಳಗಿಟ್ಟರು. ಇದು ತೊಡುವುದಲ್ಲ, ಒಳಗೆ ಮಲಗುವುದು ಎಂದು ಬಿಡಿಸಿ ಹೇಳಿದೆ. ತಲೆದೂಗಿದರು, ಅರ್ಥವಾಯಿತು ಅಂದರು. ಅರ್ಥವಾದದ್ದು ಏನು ಎಂದು ನಾನು ಕೇಳಬೇಕಿತ್ತು. ಟೇಪು ಹಿಡಿದು ನನ್ನ ನೆತ್ತಿಯಿಂದ ಹಿಮ್ಮಡಿಯವರೆಗೆ ಅಳೆದರು, ಸುತ್ತಲೂ ಅಳೆದರು, ಇನ್ನೊಮ್ಮೆ ಅಳೆದರು. "ಒಂದು ಬೆರಳು ಸಡಿಲ ಇರಂಗಿಲ್ಲ ನೋಡ್ರಿ" ಎಂದು ಅಭಯ ಕೊಟ್ಟರು.

ಮಾತು ಉಳಿಸಿಕೊಂಡರು. ಅಂಗಡಿಯ ಮುಂದಿನ ಎರಡು ಕಂಬಗಳಿಗೆ ಕಟ್ಟಿ ಒಳಗೆ ಇಳಿದೆ. ನನ್ನ ಉದ್ದ ಎಷ್ಟೋ ಬಟ್ಟೆಯ ಉದ್ದವೂ ಅಷ್ಟೇ. ತಲೆ ಒಂದು ಗಂಟಿಗೆ ಒತ್ತಿತು, ಹೆಬ್ಬೆರಳು ಇನ್ನೊಂದು ಗಂಟಿಗೆ. ನಡುವಿನ ನಾನು ಬಾಳೆಹಣ್ಣಿನ ಹಾಗೆ ಬಾಗಿದೆ. ಬ್ಲೌಸಿನ ಸೊಂಟ ಬಿಗಿ ಮಾಡಲು ಬಟ್ಟೆ ಮಡಿಚಿ ಹೊಲಿಯುತ್ತಾರಲ್ಲ, ಆ ಟಕ್ಸನ್ನು ಎರಡು ಪಕ್ಕದಲ್ಲೂ ಹಿಡಿದಿದ್ದರು. ನನ್ನ ಸೊಂಟ ಎಲ್ಲಿದೆ ಎಂದು ನನಗಿಂತ ಆ ಬಟ್ಟೆಗೆ ಚೆನ್ನಾಗಿ ಗೊತ್ತಿತ್ತು. ಸಂತೆಗೆ ಹೊರಟವರು ಚೀಲ ಕೆಳಗಿಟ್ಟು ನಿಂತು ನೋಡತೊಡಗಿದರು.

"ಉಸುರು ಆಡಾಕ ಆಗವಲ್ದು" ಅಂದೆ.

ಟೇಲರ್ ಎರಡು ಹೆಜ್ಜೆ ಹಿಂದೆ ಸರಿದು ಕಣ್ಣು ಕಿರಿದು ಮಾಡಿ ನೋಡಿದರು. ಮುಖದಲ್ಲಿ ತೃಪ್ತಿ ಇತ್ತು.

"ಹೊಸಾದಲ್ರಿ ಮೇಡಂ. ಎರಡು ಸಲ ಒಗದ್ರ ಸರಿ ಆಕ್ಕೈತಿ. ಮುಂದ ನೀವು ಇನ್ನೂ ದಪ್ಪ ಆದ್ರೂ ಚಿಂತಿ ಬ್ಯಾಡ, ಒಳಗ ಮಾರ್ಜಿನ್ ಬಿಟ್ಟೀನಿ."

ಕಂಪ್ಲಿಯಲ್ಲಿ ಸಿಕ್ಕಿಬಿದ್ದದ್ದು

ಕಂಪ್ಲಿಯಲ್ಲಿ ಭಾವನ ತಂಗಿಯ ಮನೆ. ಅವರ ಓಣಿ ಮುಗಿಯುವಲ್ಲಿ ಹೊಳೆ, ಹೊಳೆಯ ಹತ್ತಿರ ಬಲೆ ಹೆಣೆಯುವ ಒಬ್ಬ ಅಜ್ಜ. ಬಲೆಯಂಥದ್ದೇ ಹ್ಯಾಮಕ್ ಆದರೆ ಗಾಳಿಯೂ ಆಡುತ್ತದೆ, ಬೇಕಾದಷ್ಟು ದೊಡ್ಡದೂ ಮಾಡಿಸಬಹುದು ಎಂದು ಅಲ್ಲಿಗೆ ಹೋದೆ.

"ಯಾವ ಮೀನಿಗ್ರಿ ಅಕ್ಕಾರ?"

"ನನಗ."

ಅಜ್ಜ ತಲೆ ಎತ್ತಿ ನನ್ನನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದ. ಮೀನು ನೋಡುವವರು ಹಾಗೇ ನೋಡುತ್ತಾರೆ, ಅದರಲ್ಲಿ ಮರ್ಯಾದೆಗೇಡೇನಿಲ್ಲ. "ಹಂಗಾರ ದಪ್ಪ ದಾರ ಹಾಕ್ತೀನಿ" ಅಂದ.

ಈ ಸಲ ಅಳತೆಯಲ್ಲಿ ಜಿಪುಣತನ ಇರಲಿಲ್ಲ. ಹೊಳೆಯ ದಂಡೆಯ ಎರಡು ಬೇವಿನ ಮರಗಳಿಗೆ ಕಟ್ಟಿಸಿಕೊಂಡು ಮಲಗಿದೆ. ಮೊದಲ ಗಳಿಗೆ ಸ್ವರ್ಗ. ಆಮೇಲೆ ಬಳೆ ಬಲೆಯ ಒಂದು ಕಣ್ಣಿನಲ್ಲಿ ಸಿಕ್ಕಿತು. ಬಳೆ ಬಿಡಿಸಲು ಹೊರಳಿದರೆ ಕನ್ನಡಕ ಸಿಕ್ಕಿತು. ಕನ್ನಡಕ ಬಿಡಿಸಲು ಹೋದರೆ ತುರುಬು. ಒಂದು ಕಾಲು ಒಂದು ತೂತಿನಲ್ಲಿ ಇಳಿಯಿತು, ಮೊಣಕೈ ಇನ್ನೊಂದರಲ್ಲಿ.

"ಒದ್ದಾಡಬ್ಯಾಡ್ರಿ ಅಕ್ಕಾರ" ಎಂದ ಅಜ್ಜ ಕೂತಲ್ಲಿಂದಲೇ. "ಒದ್ದಾಡಿದಷ್ಟೂ ಬಿಗಿ ಆಕ್ಕೈತಿ. ಅದನ್ನ ಹೆಣದಿದ್ದೇ ಹಂಗ."

ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ಕೂಗಿದಳು. "ಅಜ್ಜಾ, ಇಡೀ ಕೊಡ್ತಿಯೇನು, ಕೊಯ್ದು ಕೊಡ್ತಿಯೇನು?"

"ಇಡೀ ಕೊಡ್ತಾನ" ಎಂದು ನಾನೇ ಬಲೆಯೊಳಗಿಂದ ಕೂಗಿದೆ. "ಕೊಯ್ಯಾಕ ಬಂದವರಿಗೆ ಕಚ್ಚತೈತಿ ಅಂತ ಹೇಳವ್ವ."

ಆ ಒದ್ದಾಟದಲ್ಲೇ ಒಂದು ಉಪಕಾರವಾಯಿತು. ತುರುಬು ಎಳೆದ ಕಡೆ ತಲೆ, ಬಲೆ ಎಳೆದ ಕಡೆ ಕಾಲು ಹೋಗಿ ನಾನು ಓರೆಯಾಗಿ, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಬಿದ್ದುಕೊಂಡಿದ್ದೆ. ನೋಡಿದರೆ ಬೆನ್ನು ನೆಟ್ಟಗಾಗಿತ್ತು. ಆಗ ನೆನಪಾಯಿತು. ಕಡಲಾಚೆಯ ಒಂದು ಸೆಕೆಯ ಊರಿನಲ್ಲಿ ಮನೆಮಂದಿಯೆಲ್ಲ ಜೋಲಿಯಲ್ಲೇ ಮಲಗುವುದನ್ನು ಕಂಡಿದ್ದೆ. ಅವರಲ್ಲಿ ಯಾರೂ ಉದ್ದುದ್ದ ಮಲಗುತ್ತಿರಲಿಲ್ಲ, ಎಲ್ಲರೂ ಓರೆಯಾಗಿಯೇ ಮಲಗುತ್ತಿದ್ದರು. ಓರೆ ಮಲಗಬೇಕೆಂದರೆ ಬಟ್ಟೆ ನಮಗಿಂತ ನಾಲ್ಕೈದು ಅಡಿಯಾದರೂ ಉದ್ದ ಇರಬೇಕು, ಅಗಲವೂ ಧಾರಾಳ ಇರಬೇಕು, ಕಟ್ಟುವಾಗ ಬಿಗಿ ಎಳೆಯದೆ ಜೋಲು ಬಿಡಬೇಕು. ಬಾಗಬೇಕಾದದ್ದು ಬಟ್ಟೆ, ನಾನಲ್ಲ.

ಈ ಜ್ಞಾನೋದಯದೊಂದಿಗೆ ಮನೆಗೆ ಬಂದೆ. ಕೆನ್ನೆಯ ಮೇಲೆ ಬಲೆಯ ಅಚ್ಚು ಬಿದ್ದಿತ್ತು. ಭಾವನ ತಂಗಿ ಬಾಗಿಲಲ್ಲೇ ನೋಡಿ ಕೇಳಿದಳು: "ಅಡಿಗಿಗೆ ಮೀನು ತರ್ತೀನಿ ಅಂದಿದ್ರಲ್ಲ ಅಕ್ಕಾರ, ತಪ್ಪಿಸಿಕೊಂಡ್ವೇನು?"

ಗುಂಡಪ್ಪ ಮೊದಲು

ಹೊಸಪೇಟೆಯಲ್ಲಿ ಅದಿರಿನ ಲಾರಿಗಳಿಗೆ ಹೊದಿಸುವ ತಾಡಪಾಲು ಹೊಲಿಯುವ ಅಂಗಡಿಗಳಿವೆ. ಈ ಸಲ ಅಳತೆ ನನ್ನದೇ. ದಪ್ಪ ಹತ್ತಿಬಟ್ಟೆ, ಹನ್ನೊಂದಡಿ ಉದ್ದ, ಆರಡಿ ಅಗಲ.

"ಯಾವ ಗಾಡಿಗ್ರಿ? ಆರು ಗಾಲಿದೋ, ಹತ್ತು ಗಾಲಿದೋ?"

"ಎರಡು ಕಾಲಿಂದು. ಅಂಚಿಗೆ ಜೋಡಿ ಹೊಲಿಗಿ ಹಾಕ್ರಿ."

ಮನೆಯ ಪಡಸಾಲೆಯ ತೊಲೆಯಲ್ಲಿ ಅಕ್ಕನ ಮಕ್ಕಳ ತೊಟ್ಟಿಲು ಕಟ್ಟುತ್ತಿದ್ದ ಕಬ್ಬಿಣದ ಕೊಂಡಿಗಳು ಇನ್ನೂ ಇದ್ದವು. ಅವಕ್ಕೆ ಕಟ್ಟಿ, ಚಪ್ಪಲಿ ಬಿಟ್ಟು ಇನ್ನೇನು ಹತ್ತಬೇಕು, ಅಕ್ಕ ಅಡ್ಡ ಬಂದಳು.

"ತಡಿಯಲೇ. ಹೊಸಾ ಜೋಲಿ. ಮೊದಲ ಗುಂಡಪ್ಪ ಮಲಗಬೇಕು."

ನಮ್ಮಲ್ಲಿ ಹೆಸರಿಡುವ ದಿನ ಕೂಸಿಗಿಂತ ಮೊದಲು ರುಬ್ಬುವ ಗುಂಡನ್ನು ತೊಟ್ಟಿಲಲ್ಲಿ ಮಲಗಿಸಿ ತೂಗುತ್ತಾರೆ. ಕಲ್ಲು ತಡೆದ ತೊಟ್ಟಿಲು ಕೂಸನ್ನು ತಡೆಯುತ್ತದೆ. "ನಾ ಕೂಸಲ್ಲ" ಅಂದೆ. "ಜೋಲಿಗೆ ಅದು ಗೊತ್ತೇನು?" ಎಂದು ಅಕ್ಕ ಅಡುಗೆಮನೆಯಿಂದ ಗುಂಡು ಹೊತ್ತು ತಂದಳು. ಅರಿಶಿನ ಕುಂಕುಮ ಹಚ್ಚಿ, ಹಳೆಯ ಸೀರೆಯ ತುಂಡು ಹೊದಿಸಿ ಮಲಗಿಸಿದಳು. ತೂಗಿದಳು. ಜೋಲಿ ಕಿರ್ರೆನ್ನುವ ಸದ್ದಿಗೆ ಪಕ್ಕದ ಮನೆಯಾಕೆ ಇಣುಕಿದಳು, ಅವಳ ಹಿಂದೆ ಇಡೀ ಓಣಿ.

ಗುಂಡಪ್ಪ ಎದ್ದ ಮೇಲೆ ನಾನು ಮಲಗಿದೆ. ಓರೆಯಾಗಿ. ಬೆನ್ನು ಚಪ್ಪಟೆ, ಮೊಣಕಾಲು ನೆಟ್ಟಗೆ, ಮುಖದ ಮೇಲೆ ಬೆಳಕು, ಪಾದದ ಆಚೆಗೂ ಬಟ್ಟೆ. ಜೀವಮಾನದಲ್ಲಿ ಮೊದಲ ಸಲ ನನಗಿಂತ ದೊಡ್ಡದಾದ ಹಾಸಿಗೆ.

"ಕೂಸು ಭಾಳ ಲಕ್ಷಣ ಐತಿ, ಯಾರ ಹೋಲಿಕಿ?" ಎಂದಳು ಒಬ್ಬಳು. "ಹಲ್ಲು ಆಗಲೇ ಬಂದಾವಲ್ಲ" ಎಂದಳು ಇನ್ನೊಬ್ಬಳು. ಐವತ್ತು ದಾಟಿದ ಹೆಂಗಸು ನಡುಮಧ್ಯಾಹ್ನ ಕೂಸಿನ ಹಾಗೆ ತೂಗಿಕೊಳ್ಳುತ್ತ ಬಿದ್ದುಕೊಂಡರೆ ನೋಡಿದವರು ಏನಂದಾರು ಎಂದು ಮೂರನೆಯವಳಿಗೆ ಚಿಂತೆ. "ಜಾಗ ಐತೇನು ಅಂತಾರ" ಅಂದೆ.

ಹೆಸರಿಡದೆ ಬಿಡುವುದಿಲ್ಲ ಎಂದು ಎಲ್ಲರೂ ಹಟ ಹಿಡಿದರು. ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳ ಬೆನ್ನಿಗೆ ಉಳಿದವರು ಗುದ್ದುವುದು ಪದ್ಧತಿ. ಅಕ್ಕ ಬಗ್ಗಿದಳು, ಓಣಿಯ ಹೆಂಗಸರು ಅವಳ ಬೆನ್ನಿಗೆ ಎಷ್ಟು ವರ್ಷದ ಲೆಕ್ಕವನ್ನೋ ಚುಕ್ತಾ ಮಾಡುವವರಂತೆ ಗುದ್ದಿದರು. ಆ ಗುದ್ದುಗಳ ನಡುವೆ ಅಕ್ಕ ನನ್ನ ಕಿವಿಯಲ್ಲಿ ಪಿಸುಗುಟ್ಟಿದ್ದು ಇಷ್ಟು:

"ಇವರೆಲ್ಲ ಹೋದಮ್ಯಾಲ ನೀ ಇಳೀಬೇಕು ನೋಡು. ಮುಂದಿಂದು ನನ್ನ ಪಾಳಿ."

ತೋಪಿನಲ್ಲಿ

ಹೊರಡುವ ದಿನ ನನ್ನ ಚೀಲ ಅಕ್ಕನೇ ಕಟ್ಟಿಕೊಟ್ಟಳು. ಜೀಪು ಗುಡ್ಡದ ಅರ್ಧಕ್ಕೆ ನಿಂತಿತು, ಅಲ್ಲಿಂದ ಕಾಲುದಾರಿ. ಕೆಳಗೆ ಅಗೆದ ಗುಡ್ಡಗಳು ಕೆಂಪಗೆ, ಅಗೆಯದೆ ಉಳಿದವು ಹಸಿರಾಗಿ. ನಾನು ಚೀಲಕ್ಕೆ ಕೈಹಾಕುವಷ್ಟರಲ್ಲಿ ಕ್ಯಾಪ್ಟನ್ ಕಸಿದುಕೊಂಡರು.

"ಕೊಡ್ರಿ ಇಲ್ಲಿ. ನಿಮಗ ಮೈ ಹೊತ್ಕೊಂಡು ಹತ್ತೋದ ಭಾಳ ಆತು."

"ನನ್ನ ಮೈ ನನಗ ಭಾರಿಲ್ಲ. ಚೀಲಾನೂ ಭಾರಿಲ್ಲ, ಬರೀ ಬಟ್ಟಿ" ಅಂದೆ. ಪ್ರಾಮಾಣಿಕವಾಗಿಯೇ ಅಂದೆ.

ಮೊದಲ ತಿರುವಿನಲ್ಲಿ ಅವರು ಚೀಲವನ್ನು ಬಲಹೆಗಲಿಂದ ಎಡಹೆಗಲಿಗೆ ಬದಲಿಸಿದರು. ಎರಡನೆಯ ತಿರುವಿನಲ್ಲಿ ನೋಟ ಚೆಂದ ಇದೆ ಎಂದು ಕೂತರು. ಆಮೇಲೆ ಪ್ರತಿ ಕಲ್ಲಿಗೂ ನೋಟ ಚೆಂದ ಇತ್ತು. "ಹೆಣ್ಣಮಕ್ಕಳ ಬಟ್ಟಿ ಇಷ್ಟು ವಜ್ಜಿ ಇರ್ತಾವೇನ್ರಿ?" ಎಂದು ಒಮ್ಮೆ ಕೇಳಿದರು. "ಕೊಡ್ರಿ ಹಂಗಾರ" ಅಂದೆ. ಗಂಡಸು, ಕೊಡಲಿಲ್ಲ.

ತೋಪಿನಲ್ಲಿ ಚೀಲ ಬಿಚ್ಚಿದೆ. ಜೋಲಿ ಹೊರಗೆಳೆದರೆ ಅದರ ಮಡಿಕೆಯಿಂದ ಧೊಪ್ಪೆಂದು ಗುಂಡಪ್ಪ ಬಿದ್ದ. ಹಣೆಯಲ್ಲಿ ಕುಂಕುಮ, ಮೈಮೇಲೆ ಅಕ್ಕನ ಸೀರೆ. ಹೊಸ ಜಾಗದಲ್ಲಿ ಕಟ್ಟುತ್ತಾಳೆ, ಮತ್ತೆ ಮೊದಲು ಅವನೇ ಮಲಗಬೇಕು ಎಂದುಕೊಂಡು ಅಕ್ಕ ನನಗೆ ಹೇಳದೆ ಇಟ್ಟಿದ್ದಳು.

ಕ್ಯಾಪ್ಟನ್ ಕಲ್ಲನ್ನು ನೋಡಿದರು. ಹೆಗಲು ಮುಟ್ಟಿಕೊಂಡರು. "ಇದನ್ನ ನಾ ಹೊತ್ತನೇನ್ರಿ?"

"ಪುಣ್ಯದ ಕೆಲಸ ಸರ್" ಎಂದರು ಬಳಗದವರೊಬ್ಬರು, ನಗು ತಡೆದು.

ಗುಂಡಪ್ಪನನ್ನು ಮಲಗಿಸಿ, ಎಬ್ಬಿಸಿ, ನಾನು ಹತ್ತಿದೆ. ಎಲ್ಲರೂ ಸುತ್ತ ನಿಂತಿದ್ದರು. ಮಾವಿನ ಮರ ಒಂದೆಲೆಯನ್ನೂ ಉದುರಿಸಲಿಲ್ಲ. ಓರೆಯಾಗಿ ಚಾಚಿಕೊಂಡು, ತಲೆಯ ಕೆಳಗೆ ಕೈಯಿಟ್ಟು, ಪಾದದ ಮೇಲೆ ಪಾದ ಹಾಕಿದೆ. ಕ್ಯಾಪ್ಟನ್ ಒಂದು ಸುತ್ತು ಬಂದು ನೋಡಿ, "ಈಗ ಸರಿ ಕಾಣತೈತಿ. ರಾತ್ರಿ ಗೊತ್ತಾಗತೈತಿ" ಅಂದರು.

ಮಧ್ಯಾಹ್ನದ ಊಟವಾದ ಮೇಲೆ ಎಲ್ಲರೂ ತಮ್ಮ ತಮ್ಮ ಸಿಂಗಲ್ ಹತ್ತಿದರು. ಕ್ಯಾಪ್ಟನ್ ತಾವೇ ನಿಂತು ಎಲ್ಲವನ್ನೂ ತಂತಿಯ ಹಾಗೆ ಬಿಗಿ ಎಳೆಸಿ ಕಟ್ಟಿಸಿದ್ದರು, ಮಂಚದಂತೆ ಚಪ್ಪಟೆ ಇರಲಿ ಎಂದು. ಸ್ವಲ್ಪ ಹೊತ್ತಿಗೆ ತೋಪಿನ ತುಂಬ ಬಾಯಿ ಮುಚ್ಚಿದ ಮಿರ್ಚಿಗಳು ತೂಗಾಡುತ್ತಿದ್ದವು, ಒಳಗಿನಿಂದ ನರಳಿಕೆ ಬರುತ್ತಿತ್ತು. ಕ್ಯಾಪ್ಟನ್ನರದು ಬಿಗಿ ಎಲ್ಲಕ್ಕಿಂತ ಹೆಚ್ಚು. ಹೊರಳಿದರು, ಅದೂ ಹೊರಳಿತು, ಅವರನ್ನು ಮರದ ಬುಡಕ್ಕೆ ಇಳಿಸಿ ಖಾಲಿಯಾಗಿ ತೂಗಿತು. ಮತ್ತೆ ಹತ್ತಿದರು. ಮತ್ತೆ ಇಳಿಸಿತು. ನನಗೆ ನಿದ್ದೆ ಬಂತು.

ಎಚ್ಚರವಾದಾಗ ಬಿಸಿಲು ಇಳಿದಿತ್ತು. ಊಟದ ಪಾತ್ರೆಗಳನ್ನು ಒಯ್ಯಲು ಜೀಪಿನವನು ಮೇಲೆ ಬಂದಿದ್ದ. ನನ್ನ ಜೋಲಿಯ ಪಕ್ಕದಲ್ಲಿ ಕ್ಯಾಪ್ಟನ್ ನಿಂತಿದ್ದರು. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಮಾವಿನ ಮರದ ಮೇಲೆ. ಏನೋ ಕಳೆದುಕೊಂಡು ಹುಡುಕುವವರ ಹಾಗೆ ಬಾಗಿದ್ದರು. ನೆಟ್ಟಗಾಗಲು ಆಗುತ್ತಿಲ್ಲ ಎಂದು ಆಮೇಲೆ ಗೊತ್ತಾಯಿತು.

"ಮೇಡಂ" ಎಂದರು. ಈ ಸಲದ ಪಿಸುದನಿ ನಿಜವಾಗಿಯೂ ಯಾರಿಗೂ ಕೇಳಿಸದಂಥದ್ದು. "ಆ ಗೆಸ್ಟ್ ಹೌಸಿನ ಕೀ... ನಿಮ್ಮ ಹತ್ರ ಐತಲ್ರಿ?"

"ಯಾಕ್ರಿ ಸರ್?" ಎಂದೆ, ಎಲ್ಲರಿಗೂ ಕೇಳುವ ಹಾಗೆ. ಮಿರ್ಚಿಗಳೆಲ್ಲ ಬಾಯಿ ತೆರೆದು ತಲೆ ಹೊರಹಾಕಿದವು.

"ಹಂಗಲ್ರಿ. ಖಾಲಿ ಬಿದ್ದೈತಿ. ಯಾರರ ಹೋಗಿ ನೋಡಿಕೊಂಡು ಬರಬೇಕಲ್ರಿ."

ಕೀ ಕೊಟ್ಟೆ. ಅವರು ಬಾಗಿಕೊಂಡೇ ಕಾಲುದಾರಿಯ ಕಡೆ ಹೊರಟರು. ನಾಲ್ಕು ಹೆಜ್ಜೆ ಹೋಗಲು ಬಿಟ್ಟು ಕರೆದೆ. ಜೋಲಿಯಿಂದ ಏಳದೆಯೇ ಕೈ ಕೆಳಗೆ ಚಾಚಿ, ಹುಲ್ಲಿನ ಮೇಲೆ ಕುಂಕುಮ ಇಟ್ಟುಕೊಂಡು ಕೂತಿದ್ದ ಗುಂಡಪ್ಪನನ್ನು ತೋರಿಸಿದೆ.

"ಇದನ್ನ ಮರತ್ರಿ ಸರ್. ಹೊಸಾ ಹಾಸಗಿ. ಮೊದಲ ಇವನ್ನ ಮಲಗಸ್ರಿ, ಆಮ್ಯಾಲ ನೀವು ಮಲಗ್ರಿ. ಬೆಳಿಗ್ಗೆ ಜೀಪು ಕಳಿಸ್ತೀವಿ. ಇಬ್ಬರೂ ಮ್ಯಾಲ ಬಂದು ನಮ್ಮ ಜೋಡಿ ನಾಷ್ಟಾ ಮಾಡ್ರಿ."